ಆಂಜನೇಯನನ್ನು ಕೇಳಿ ಕೊಂಡ ಗಾಡಿ

ನನ್ನ ಬಾಯಿ ಜೋರು ಎಂದು ಚಾಮರಾಜಪೇಟೆಯ ನಮ್ಮ ಬೀದಿಗೆಲ್ಲ ಗೊತ್ತು. ತರಕಾರಿ ಗಾಡಿಯವನು ನಮ್ಮ ಗೇಟಿನ ಮುಂದೆ ತಕ್ಕಡಿ ಎತ್ತುವಾಗ ಕೈ ನೋಡಿಕೊಂಡು ಎತ್ತುತ್ತಾನೆ. ನಗರ್ತಪೇಟೆಯ ನಮ್ಮ ಪಾತ್ರೆ ಅಂಗಡಿಯಲ್ಲಿ ಯಾವ ಗಿರಾಕಿಯಾದರೂ ಅತಿಯಾಗಿ ಚೌಕಾಸಿಗೆ ಇಳಿದರೆ ನನ್ನ ಗಂಡ ಅನಿಲ್ ಕುಮಾರ್, "ಒಂದ್ನಿಮಿಷ ಇರಿ ಸಾರ್, ನಮ್ಮ ಮನೆಯವರನ್ನ ಕರೀತೀನಿ" ಎಂದು ಹೆದರಿಸುತ್ತಾರೆ. ಇಂಥ ನಾನು, ಯಮುನಾ, ಮದುವೆಯಾಗಿ ಬಂದು ಒಂಬತ್ತು ವರ್ಷವಾದರೂ ಒಂದು ವಿಷಯದಲ್ಲಿ ಮಾತ್ರ ತುಟಿ ಪಿಟಕ್ ಎಂದಿರಲಿಲ್ಲ. ಅದು ಗಾಡಿಯಲ್ಲಿ ನಾನು ಕೂರುವ ಜಾಗ.

ಆಗ ನಮ್ಮ ಮನೆಯಲ್ಲಿದ್ದದ್ದು ಒಂದು ಹಳೇ ಹಸಿರು ಜೀಪು. ಓಡಿಸುವವರು ಅನಿಲ್. ಪಕ್ಕದಲ್ಲಿ ಬಿಳೀ ಪಂಚೆಯ ಚುಂಗು ಹಿಡಿದುಕೊಂಡು ಮಾವ ದೊಡ್ಡಬೈರಪ್ಪನವರು. ನಡುವಿನ ಸೀಟಿನಲ್ಲಿ ಅತ್ತೆ ಮುನಿಲಕ್ಷ್ಮಮ್ಮನವರು, ಮಾವನ ಅಕ್ಕ ಬಸವಮ್ಮತ್ತೆ, ಅವರಿಬ್ಬರ ತೊಡೆಯ ಮೇಲೆ ನನ್ನ ಮಕ್ಕಳು ಆಕರ್ಷ ಮತ್ತು ಧೃತಿ. ಹಿಂದುಗಡೆ ಎದುರುಬದುರಾಗಿ ಎರಡು ಬೆಂಚು. ಅಲ್ಲಿ ನಾನು, ಉಡುಗೊರೆ ಪಾತ್ರೆಗಳು, ತೆಂಗಿನಕಾಯಿ ಚೀಲ, ನೀರಿನ ಕ್ಯಾನು. ಇದನ್ನು ಯಾರೂ ಕೂತು ತೀರ್ಮಾನ ಮಾಡಿದ್ದಲ್ಲ. ಸೊಸೆ ಅಂದ ಮೇಲೆ ಹಿಂದುಗಡೆ ಹತ್ತಬೇಕು, ಹತ್ತಿದೆ, ಅಷ್ಟೆ.

ಆ ಬೆಂಚಿನ ಮೇಲೆ ಅಡ್ಡಡ್ಡ ಕೂತವರಿಗೆ ಮುಂದೆ ಬರುವ ದಾರಿ ಕಾಣುವುದಿಲ್ಲ, ಹಿಂದಕ್ಕೆ ಹೋದ ದಾರಿ ಮಾತ್ರ ಕಾಣುತ್ತದೆ. ಹಂಪು ಬರುತ್ತದೆ ಎಂದು ಗೊತ್ತಾಗುವುದು ತಲೆ ಮೇಲಿನ ಕಂಬಿಗೆ ಬಡಿದ ಮೇಲೆ. ಗೊರಗುಂಟೆಪಾಳ್ಯ ದಾಟುವಷ್ಟರಲ್ಲಿ ನನ್ನ ಹೊಟ್ಟೆ ತೊಳಸಲು ಶುರುವಾಗುತ್ತಿತ್ತು. ಮೂಗಿಗೆ ನಿಂಬೆಹಣ್ಣು ಒತ್ತಿಕೊಂಡು, ಕಣ್ಣು ಮುಚ್ಚಿಕೊಂಡು, ಗೊತ್ತಿದ್ದ ದೇವರನ್ನೆಲ್ಲ ಕರೆಯುತ್ತಾ ಊರು ತಲುಪುತ್ತಿದ್ದೆ.

ಹೇಳುವುದಕ್ಕೇನಾಗಿತ್ತು ಎಂದು ನೀವು ಕೇಳಬಹುದು. ಒಂದು ಸಲ ಆಗಿಹೋದದ್ದನ್ನು ಕೇಳಿ. ಮದುವೆಯಾದ ಹೊಸತು, ತೊಂಬತ್ತಮೂರನೇ ಇಸವಿ. ದೇವನಹಳ್ಳಿ ಕಡೆ ಅತ್ತೆಯ ತವರಿನಲ್ಲಿ ಬೀಗರೂಟ. ಯಲಹಂಕ ದಾಟುತ್ತಿದ್ದಂತೆ ತಡೆಯಲಾಗದೆ ಜೀಪು ನಿಲ್ಲಿಸಿಕೊಂಡು ರಸ್ತೆ ಪಕ್ಕ ವಾಂತಿ ಮಾಡಿದೆ. ಅತ್ತೆ ಇಳಿದು ಬಂದು ಬೆನ್ನು ನೀವುತ್ತಾ, ಮುಖ ಊರಗಲ ಮಾಡಿಕೊಂಡು, "ಏನಮ್ಮಾ, ಏನಾದ್ರೂ ವಿಶೇಷನಾ?" ಎಂದರು. ನನಗೆ ಉತ್ತರ ಕೊಡಲು ಉಸಿರೇ ಇರಲಿಲ್ಲ. ಉತ್ತರ ಬರಲಿಲ್ಲ ಎಂದರೆ ನಾಚಿಕೆ ಎಂದು ಅವರೇ ತಿಳಿದುಕೊಂಡರು. ಊರು ತಲುಪಿದ್ದೇ ತಡ, ಊಟದ ಪಂಕ್ತಿಗೆಲ್ಲ ತಮ್ಮ ಕೈಯಾರೆ ಸಕ್ಕರೆ ಹಂಚಿಬಿಟ್ಟರು. ಮುದ್ದೆ, ಮಟನ್ ಸಾರು ಬಡಿಸಿದ ಎಲೆಯ ಮೇಲೆ ಸಕ್ಕರೆ! ವಾಪಸು ಬಂದ ಮೇಲೆ ನಮ್ಮ ಬೀದಿಗೂ ಹಂಚಿದರು.

ವಿಶೇಷವೇನೂ ಇರಲಿಲ್ಲ. ಅದು ಎಲ್ಲರಿಗೂ ಗೊತ್ತಾದ ಮೇಲೆ ಸಕ್ಕರೆ ತಿಂದವರೆಲ್ಲ ಒಬ್ಬೊಬ್ಬರಾಗಿ ಮನೆಗೆ ಬಂದು, "ಅಯ್ಯೋ ಪಾಪ, ಏನಾಯ್ತಂತೆ?" ಎಂದು ವಿಚಾರಿಸಿಕೊಂಡು, ಕಾಫಿ ಕುಡಿದು ಹೋದರು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅವತ್ತೇ ತೀರ್ಮಾನ ಮಾಡಿದೆ, ಪ್ರಾಣ ಹೋದರೂ ಗಾಡಿಯಲ್ಲಿ ಹೊಟ್ಟೆ ಹಿಡಿದುಕೊಳ್ಳುವುದಿಲ್ಲ ಅಂತ. ಆಮೇಲೆ ದೂರದ ಪ್ರಯಾಣ ಎಂದರೆ ಅಂಗಡಿ, ಮಕ್ಕಳ ಪರೀಕ್ಷೆ, ಗ್ಯಾಸ್ ಸಿಲಿಂಡರ್ ಬರುತ್ತದೆ, ಹೀಗೆ ಏನಾದರೊಂದು ನೆಪ ಹೇಳಿ ಮನೆಯಲ್ಲೇ ಉಳಿದೆ. ಅವರೆಲ್ಲ ಜೋಗ ನೋಡಿ ಬಂದರು, ಹೊರನಾಡಿಗೆ ಹೋಗಿ ಬಂದರು. ನಾನು ಗ್ಯಾಸ್ ಸಿಲಿಂಡರ್ ಇಳಿಸಿಕೊಂಡೆ.

ಎರಡು ಸಾವಿರದ ಎರಡರಲ್ಲಿ ಜೀಪು ಕೈಕೊಟ್ಟಿತು. ಮಾವ ಊಟಕ್ಕೆ ಕೂತಾಗ ಘೋಷಣೆ ಮಾಡಿದರು.

"ಈ ಸಲ ಸೆಕೆಂಡ್ ಹ್ಯಾಂಡ್ ಗಿಕೆಂಡ್ ಹ್ಯಾಂಡ್ ಬೇಡ. ಹೊಸ ಗಾಡಿ. ಮನೆಮಂದಿಯೆಲ್ಲ ಹಾಯಾಗಿ ಕೂರೋ ಅಂಥ ದೊಡ್ಡ ಗಾಡಿ. ತಂದ ತಕ್ಷಣ ಧರ್ಮಸ್ಥಳ, ನನ್ನ ಹರಕೆ ಐತೆ. ಚಾರ್ಮಾಡಿ ಘಾಟಿ ಮೇಲೆ ಹೋಗಣ. ಒಬ್ಬರೂ ತಪ್ಪಿಸಂಗಿಲ್ಲ. ಯಮುನಾ, ನಿನ್ನೂ ಸೇರಿಸಿ ಹೇಳ್ತಿದೀನಿ."

ಎಲ್ಲರೂ ಕುಣಿದಾಡಿದರು. ನಾನು ಅನ್ನದ ಪಾತ್ರೆ ಹಿಡಿದು ಒಳಗೆ ಹೋದೆ. ಚಾರ್ಮಾಡಿಯ ತಿರುವುಗಳ ಬಗ್ಗೆ ಕೇಳಿದ್ದೆ. ಅಡ್ಡ ಬೆಂಚಿನ ಮೇಲೆ ಕೂತು ಆ ಘಾಟಿ ಇಳಿದರೆ ನಾನು ಮಂಜುನಾಥನ ದರ್ಶನಕ್ಕಲ್ಲ, ನೇರವಾಗಿ ಅವನ ಪಾದಕ್ಕೇ ಸೇರುತ್ತಿದ್ದೆ. ಅದೊಂದೇ ಪ್ರಯಾಣದ ಮಾತೂ ಅಲ್ಲ. ನಮ್ಮ ಮನೆಯಲ್ಲಿ ಗಾಡಿ ತೆಗೆದುಕೊಂಡರೆ ಅದು ಸಾಯುವ ತನಕ ಇಟ್ಟುಕೊಳ್ಳುತ್ತಾರೆ. ಬರುವ ಗಾಡಿಯಲ್ಲೂ ಹಿಂದೆ ಬೆಂಚು ಇದ್ದರೆ ನನ್ನ ತಲೆಕೂದಲು ನೆರೆಯುವ ತನಕ ಅದೇ ಗತಿ.

ಗಾಡಿ ನೋಡಲು ಹೊರಟಿದ್ದು ಥೇಟ್ ಹೆಣ್ಣು ನೋಡಲು ಹೊರಟ ಹಾಗೆ. ಅತ್ತೆ ರೇಷ್ಮೆ ಸೀರೆ, ಮಾವ ಇಸ್ತ್ರಿ ಜುಬ್ಬ. ಬಸವಮ್ಮತ್ತೆ ರಾಹುಕಾಲ ಕಳೆಯುವ ತನಕ ಹೊಸಿಲು ದಾಟಲು ಬಿಡಲಿಲ್ಲ. ಇಷ್ಟು ಸಾಲದೆಂದು ಅತ್ತೆ ಅಂಗಡಿಯಿಂದ ಒಂದು ದೊಡ್ಡ ದಬರಿ ತರಿಸಿ ಆಟೋದಲ್ಲಿ ಇಡಿಸಿಕೊಂಡರು. ಐವತ್ತು ಜನಕ್ಕೆ ಅನ್ನ ಬೇಯುವಂಥ ದಬರಿ.

"ಅಮ್ಮಾ, ಶೋರೂಮಿಗೆ ದಬರಿ ಯಾಕಮ್ಮಾ? ಮಾನ ಹೋಗುತ್ತೆ" ಎಂದು ಅನಿಲ್ ಗೋಗರೆದರು.

"ಪಾತ್ರೆ ಹಿಡೀದೇ ಇರೋ ಗಾಡಿ ಪಾತ್ರೆ ಅಂಗಡಿಯವರಿಗೆ ಯಾಕೋ? ಸುಮ್ನೆ ನಡಿ" ಎಂದರು ಅತ್ತೆ.

ಮೊದಲನೇ ಶೋರೂಮಿನಲ್ಲಿ ಒಂದು ಕಪ್ಪು ಗಾಡಿ ಇತ್ತು. ಎತ್ತರವೆಂದರೆ ಎತ್ತರ, ಮುಂದೆ ಕೋಣದ ಮೂತಿಯ ಹಾಗೆ ಅಗಲವಾದ ಜಾಲರಿ. ಮಾವ ಅದನ್ನು ನೋಡಿದ್ದೇ ಸೋತುಹೋದರು. ಹತ್ತಿ ಕೂತು, ಪೇಟ ಇದ್ದಿದ್ದರೆ ಸರಿ ಮಾಡಿಕೊಳ್ಳುತ್ತಿದ್ದರೇನೋ, ಹಾಗೆ ಕತ್ತು ನೆಟ್ಟಗೆ ಮಾಡಿ ಹಾರನ್ ಒತ್ತಿದರು. ಶೋರೂಮಿಗೆ ಶೋರೂಮೇ ಬೆಚ್ಚಿಬಿತ್ತು. "ಗಾಡಿ ಅಂದ್ರೆ ಇದು. ಬರ್ತಿದ್ರೆ ಜನ ದಾರಿ ಬಿಡಬೇಕು" ಎಂದರು.

ಅತ್ತೆ ಅದಕ್ಕೆ ಕಾಲಿಡಲು ಹೋಗಿ ಮೆಟ್ಟಿಲು ಎಟುಕದೆ ಸೀರೆ ಎತ್ತಿಕೊಂಡು ಒದ್ದಾಡಿದರು. ಕೊನೆಗೆ ಸೇಲ್ಸಿನ ಚಲುವರಾಜು ಎಂಬ ಹುಡುಗ ಒಂದು ಸ್ಟೂಲು ತಂದು ಹಾಕಿದ. "ದಿನಾ ಸ್ಟೂಲು ಹೊತ್ಕೊಂಡು ಓಡಾಡಕಾಗುತ್ತಾ? ನನ್ನ ಮಂಡಿ ಏನು ಕಬ್ಬಿಣದ್ದಾ?" ಎಂದು ಅತ್ತೆ ಅಲ್ಲೇ ಕಪ್ಪು ಗಾಡಿಗೆ ಬೆನ್ನು ತಿರುಗಿಸಿದರು. ಎರಡನೇ ಶೋರೂಮಿನಲ್ಲಿ ಬಿಳೀ ಬಣ್ಣದ, ತಗ್ಗು ಮೆಟ್ಟಿಲಿನ ಗಾಡಿ ನೋಡಿ ಅವರ ಮುಖ ಅರಳಿತು. ದಬರಿ ಸಲೀಸಾಗಿ ಒಳಗೆ ಹೋಯಿತು. ಈಗ ಮಾವ ಮೂಗು ಮುರಿದರು. "ಇದು ಆಸ್ಪತ್ರೆ ವ್ಯಾನ್ ಥರ ಐತೆ."

ಇಷ್ಟರ ನಡುವೆ ನನ್ನ ಕಿವಿ ಇದ್ದದ್ದು ಇನ್ನೊಂದು ಮಾತಿನ ಮೇಲೆ. ಎರಡೂ ಕಡೆ ಹೇಳಿದ್ದು ಅದನ್ನೇ. "ಹಿಂದೆ ಎರಡು ಥರ ಬರುತ್ತೆ ಸಾರ್. ಅಡ್ಡ ಬೆಂಚು ಹಾಕಿಸಿದ್ರೆ ಹತ್ತು ಜನ. ಇಲ್ಲಾಂದ್ರೆ ಮೂರನೇ ಸಾಲೂ ಮುಂದಕ್ಕೆ ಮುಖ ಮಾಡಿರೋ ಸೀಟು, ಎಂಟು ಜನ. ಬೆಲೆ ಹೆಚ್ಚುಕಮ್ಮಿ ಒಂದೇ."

"ಹತ್ತು" ಎಂದರು ಮಾವ.

"ಹತ್ತೇ ಇರ್ಲಿ, ಬೆಂಚು ಮಡಚಿದ್ರೆ ಸಾಮಾನೂ ಹೋಗುತ್ತೆ" ಎಂದರು ಅತ್ತೆ.

ಗಂಡ ಹೆಂಡತಿ ಆ ದಿನ ಒಪ್ಪಿಕೊಂಡದ್ದು ಅದೊಂದನ್ನೇ. ಹಿಂದುಗಡೆ ಹತ್ತಿ ಕೂತು ನೋಡೋಣ ಎಂದು ಒಬ್ಬರಿಗೂ ಹೊಳೆಯಲಿಲ್ಲ. ದಬರಿಯನ್ನಾದರೂ ಇಟ್ಟು ನೋಡಿದರು, ನನ್ನನ್ನು ಇಟ್ಟು ನೋಡಲಿಲ್ಲ. ನನಗೆ ಎಂಥಾ ಸಿಟ್ಟು ಬಂತೆಂದರೆ, ಮನೆಗೆ ಬಂದು ಆ ದಬರಿಯನ್ನು ತಿಕ್ಕಿ ತಿಕ್ಕಿ ಹೊಳಪು ಬರಿಸಿದೆ.

ಆ ಸಂಜೆ ಅನಿಲ್‌ಗೆ ಎಲ್ಲ ಹೇಳಿದೆ. ಅವರು ಪೆಚ್ಚಾದರು. "ನಿಂಗೆ ಅಷ್ಟು ಕಷ್ಟ ಆಗುತ್ತಾ? ನಂಗೆ ಗೊತ್ತೇ ಇರ್ಲಿಲ್ಲ ಕಣೇ" ಎಂದರು. ಒಳ್ಳೆಯ ಮನುಷ್ಯ. ಆದರೆ ಅಪ್ಪನ ಮುಂದೆ ನಿಂತರೆ ಅವರಿಗೆ ನಾಲಿಗೆ ಹೊರಳುವುದಿಲ್ಲ. "ಅಪ್ಪ ಹತ್ತು ಅಂದಾಯ್ತು. ನೀನೇ ಹೇಳ್ಬಿಡು ಯಮುನಾ. ಊರಿಗೆಲ್ಲ ಹೇಳ್ತೀಯ."

ಊರಿಗೆ ಹೇಳುವುದು ಸುಲಭ. ಮಾವನಿಗೆ ಹೇಳಬೇಕೆಂದರೆ ಆ ಸಕ್ಕರೆಯ ಕಥೆಯಿಂದ ಶುರುಮಾಡಬೇಕು.

ಮುಂದಿನ ದಿನಗಳಲ್ಲಿ ಮನೆ ಕುರುಕ್ಷೇತ್ರವಾಯಿತು. ಮಾವ ಕಪ್ಪು, ಅತ್ತೆ ಬಿಳಿ. ಮಾವ ಬೆಳಗಿನ ಕಾಫಿ ಹೀರುತ್ತಾ, "ಎದುರುಮನೆಯೋರು ಸುಮೋ ತಗಂಡ್ರು, ಪಕ್ಕದೋರು ಕ್ವಾಲಿಸ್ ತಗಂಡ್ರು, ನಮ್ಮನೇಲಿ ಬರೀ ಮಾತು ತಗಂಡಿದೀವಿ" ಎನ್ನುವರು. ಅತ್ತೆ ಒಗ್ಗರಣೆಗೆ ಸಾಸಿವೆ ಹಾಕಿ, "ನನ್ನ ಮಂಡಿ ಮುರಿದ ಮೇಲೆ ಆ ಕೋಣದ ಮೇಲೆ ಹೆಣ ಇಟ್ಕೊಂಡು ಹೋಗ್ಲಿ" ಎನ್ನುವರು. ನಡುವೆ ಅನಿಲ್, ಅಪ್ಪನ ಹತ್ತಿರ "ಹೌದಪ್ಪ ಕಪ್ಪೇ ಚೆನ್ನ", ಅಮ್ಮನ ಹತ್ತಿರ "ಬಿಳೀನೇ ಸರಿ ಬಿಡಮ್ಮ". ಕೊನೆಗೆ ಬಸವಮ್ಮತ್ತೆಗೆ ತಲೆ ಚಿಟ್ಟುಹಿಡಿದು, "ಇಬ್ಬರೂ ಬಾಯಿ ಮುಚ್ಚಿ. ಶನಿವಾರ ಆಂಜನೇಯನ ಹತ್ರ ಹೂ ಕೇಳೋಣ. ಅವನೇನು ಹೇಳ್ತಾನೋ ಅದೇ ಗಾಡಿ" ಎಂದರು.

ನಮ್ಮ ಬೀದಿ ಕೊನೆಯ ಗುಡಿಯ ಆಂಜನೇಯನನ್ನು ಕೇಳದೆ ನಮ್ಮ ಮನೆಯಲ್ಲಿ ಕೊಳವೆಬಾವಿಯನ್ನೂ ಕೊರೆಸಿದವರಿಲ್ಲ. ಅರ್ಚಕರಾದ ರಾಮಾನುಜಾಚಾರ್ಯರು ನೀರಲ್ಲಿ ಅದ್ದಿದ ಹೂಗಳನ್ನು ದೇವರ ಎರಡೂ ಭುಜದ ಮೇಲೆ ಅಂಟಿಸಿ ಮಂಗಳಾರತಿ ಎತ್ತುತ್ತಾರೆ. ನಾವು ಕಣ್ಣು ಮುಚ್ಚಿ ಮನಸ್ಸಿನಲ್ಲೇ ಕೇಳಿಕೊಳ್ಳಬೇಕು, ಬಾಯಿಬಿಟ್ಟು ಹೇಳುವಂತಿಲ್ಲ. ಬಲಗಡೆಯ ಹೂ ಬಿದ್ದರೆ ಆಗಲಿ ಎಂದು, ಎಡಗಡೆಯದು ಬಿದ್ದರೆ ಬೇಡ ಎಂದು. ಒಮ್ಮೆ ಕೇಳಿದ್ದನ್ನು ಮತ್ತೆ ಕೇಳುವಂತಿಲ್ಲ.

ಶನಿವಾರ ಬೆಳಿಗ್ಗೆ ಮಕ್ಕಳನ್ನು ಸ್ಕೂಲಿಗೆ ಕಳಿಸಿ ಐದೂ ಜನ ಹೋಗಿ ಸಾಲಾಗಿ ನಿಂತೆವು. ನಾನು ಕೈ ಮುಗಿದೆ. ಬೇಡಿಕೊಳ್ಳಬೇಕೆಂದು ಹೋದವಳಲ್ಲ. ಆದರೆ ದೀಪದ ಬೆಳಕಿನಲ್ಲಿ ಆ ಕೆಂಪು ಮೂತಿ ನೋಡಿದ್ದೇ ನನ್ನೊಳಗೆ ಮಾತು ತಾನಾಗಿ ಹೊರಟಿತು. 'ಸ್ವಾಮೀ, ನಂಗೆ ಕಪ್ಪೂ ಬೇಡ, ಬಿಳೀನೂ ಬೇಡ. ಆ ಬೆಂಚಿನ ಮೇಲೆ ಇನ್ನು ಕೂರಲ್ಲ ಅಂತ ಇವತ್ತು ಬಾಯಿಬಿಟ್ಟು ಹೇಳ್ಬಿಡ್ಲಾ? ಹೇಳು ಅನ್ನೋದಾದ್ರೆ ಬಲಗಡೆ ಕೊಡು. ಬೇಡ ಅಂದ್ರೆ ಎಡಗಡೆ ಕೊಡು, ಸಾಯೋ ತನಕ ಬಾಯಿಬಿಡಲ್ಲ.'

ಗಂಟೆ ಢಣಢಣ. ಎಲ್ಲರೂ ಕಣ್ಣು ಬಿಟ್ಟು ನೋಡುತ್ತಿದ್ದಂತೆ ಬಲಭುಜದ ಮೇಲಿಂದ ಒಂದು ಸೇವಂತಿಗೆ ಮೆಲ್ಲಗೆ ಜಾರಿ, ತೋಳಿನ ಮೇಲೆ ಒಂದು ಕ್ಷಣ ನಿಂತು, ಟಪ್ಪೆಂದು ಬಿತ್ತು.

"ಬಿತ್ತು! ಬಲಕ್ಕೆ ಬಿತ್ತು!" ಎಂದು ಮಾವ ಗುಡಿ ಹಾರಿಹೋಗುವ ಹಾಗೆ ಕೂಗಿದರು. "ನೋಡಿದ್ಯಾ? ಕಪ್ಪು ಗಾಡಿ ಆಗ್ಲಿ ಅಂದ ನನ್ನಪ್ಪ!"

"ಏನು ಕಪ್ಪು?" ಅತ್ತೆ ಕಣ್ಣೀರು ಒರೆಸಿಕೊಳ್ಳುತ್ತಿದ್ದವರು ತಟ್ಟನೆ ತಿರುಗಿದರು. "ನಾನು ಕೇಳಿದ್ದು ಬಿಳೀದು. ಬಿಳಿ ಆಗೋದಾದ್ರೆ ಬಲಗಡೆ ಕೊಡು ಅಂತ ಕೇಳ್ದೆ. ಕೊಟ್ಟ!"

"ನಾನು ಕಪ್ಪಿಗೆ ಬಲಗಡೆ ಅಂತ ಕೇಳಿದ್ದು!"

"ಮನೆ ಯಜಮಾನಿ ನಾನು!"

"ಕೇಳಕ್ಕೆ ಬಂದೋನು ನಾನು!"

ಬಲಕ್ಕೆ ಬಿದ್ದರೆ ಯಾವ ಗಾಡಿ ಎಂದು ಹೊರಡುವ ಮುಂಚೆ ಯಾರೂ ಮಾತಾಡಿಕೊಂಡಿರಲಿಲ್ಲ. ಇಬ್ಬರಿಗೂ ದೇವರು ತಮ್ಮ ಕಡೆಯವನೇ ಎಂಬ ಧೈರ್ಯ. ಇನ್ನೊಂದು ಸಲ ಕೇಳೋಣ ಎಂದು ಅನಿಲ್ ಮೆಲ್ಲಗೆ ಎಂದಾಗ ಆಚಾರ್ಯರು, "ಅದು ಆಗದು. ಉತ್ತರ ಆಗಿಹೋಗಿದೆ. ಪ್ರಶ್ನೆ ಯಾವುದು ಅಂತ ನೀವೇ ಇತ್ಯರ್ಥ ಮಾಡ್ಕೊಳ್ಳಿ" ಎಂದು ಆರತಿ ತಟ್ಟೆ ಚಾಚಿದರು. ಪ್ರದಕ್ಷಿಣೆ ಹಾಕುತ್ತಿದ್ದವರು ಪ್ರದಕ್ಷಿಣೆ ನಿಲ್ಲಿಸಿ ನಮ್ಮನ್ನೇ ನೋಡುತ್ತಿದ್ದರು.

ನಾನೋ, ಕಂಬ ಹಿಡಿದು ನಿಂತಿದ್ದೆ. ಕೇಳಿದ್ದು ನಾನೇ, ಕೊಟ್ಟದ್ದು ಅವನೇ. ಹಾಳಾದ್ದು, ಎಡಕ್ಕಾದರೂ ಬೀಳಬಾರದಿತ್ತೇ ಅನ್ನಿಸಿತು. ಆಗ ಬಸವಮ್ಮತ್ತೆ ನನ್ನ ಕಡೆ ಕೈ ತೋರಿಸಿದರು.

"ನೀವಿಬ್ಬರೇನಾ ಕೇಳಿದ್ದು? ಈ ಹುಡುಗಿ ತುಟೀನೂ ಅಲ್ಲಾಡ್ತಿತ್ತು. ಹೂ ಬಿದ್ದಾಗಿಂದ ಮುಖ ಬಿಳುಚಿಕೊಂಡೈತೆ. ಏನು ಕೇಳ್ಕೊಂಡ್ಯಮ್ಮಾ?"

ಎಲ್ಲರೂ ತಿರುಗಿದರು. ದೇವರು ಹೇಳು ಅಂದ ಮೇಲೆ ಹೇಳದೆ ಇರುವುದು ಹೇಗೆ? ಒಂಬತ್ತು ವರ್ಷದ್ದು ಒಂದೇ ಉಸಿರಿಗೆ ಬಂತು.

"ಮಾವ, ಯಾವ ಬಣ್ಣನಾದ್ರೂ ತಗೊಳ್ಳಿ. ನಾನು ಆ ಅಡ್ಡ ಬೆಂಚಿನ ಮೇಲೆ ಮಾತ್ರ ಇನ್ನು ಕೂರಲ್ಲ. ಗಾಡಿ ಹತ್ತಿದ ದಿನದಿಂದ ನಂಗೆ ಅದ್ರಲ್ಲಿ ಹೊಟ್ಟೆ ತೊಳಸುತ್ತೆ, ತಲೆ ತಿರುಗುತ್ತೆ. ಗ್ಯಾಸ್ ಬರುತ್ತೆ, ಪರೀಕ್ಷೆ ಇದೆ ಅಂತ ನಾನು ಉಳ್ಕೊಂಡಿದ್ದೆಲ್ಲ ಇದಕ್ಕೇ. ನಂಗೂ ಜೋಗ ನೋಡಬೇಕಿತ್ತು. ಮಕ್ಕಳು ಬಂದು ಕಥೆ ಹೇಳ್ತಿದ್ರೆ ನಾನು ಅಡುಗೆಮನೇಲಿ ನಿಂತು ಕೇಳಿಸ್ಕೊಂಡಿದೀನಿ. ದಬರಿ ಹಿಡಿಯುತ್ತಾ ಅಂತ ನೋಡಿದ್ರಿ, ನಾನು ಹಿಡೀತೀನಾ ಅಂತ ಯಾರಾದ್ರೂ ನೋಡಿದ್ರಾ?"

ಕೊನೆಯ ಮಾತು ಹೇಳಿ ಸೆರಗಿನಿಂದ ಕಣ್ಣು ಒರೆಸಿಕೊಂಡೆ. ನನ್ನ ಮೇಲೇ ನನಗೆ ಸಿಟ್ಟು ಬಂತು, ಇಷ್ಟು ಜನರ ಮುಂದೆ ಅಳು ಬಂತಲ್ಲ ಎಂದು.

ಅತ್ತೆಯ ಮುಖ ಸಣ್ಣದಾಯಿತು. "ಇಷ್ಟು ವರ್ಷ ಯಾಕೆ ಹೇಳ್ಲಿಲ್ಲಮ್ಮಾ? ನಾನೇನು ರಾಕ್ಷಸಿನಾ?"

"ಹೇಳಿದ್ರೆ ನೀವು ಸಕ್ಕರೆ ಹಂಚ್ತೀರ!"

ಮೊದಲು ನಕ್ಕಿದ್ದು ಆಚಾರ್ಯರು. ನಮ್ಮ ಬೀದಿಗೂ ಆ ಸಕ್ಕರೆ ಬಂದಿತ್ತಲ್ಲ! ಆಮೇಲೆ ಬಸವಮ್ಮತ್ತೆ, ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡು ಅತ್ತೆ. ನಗುತ್ತಾ ನಗುತ್ತಾ ಬಂದು ನನ್ನ ತಲೆಯನ್ನು ತಮ್ಮ ಹೆಗಲಿಗೆ ಒತ್ತಿಕೊಂಡರು. ಮಾವ ಮಾತ್ರ ನಗಲಿಲ್ಲ. ಗಂಟಲು ಸರಿ ಮಾಡಿಕೊಂಡು, "ಅದು ಹಳೇ ಜೀಪು, ಹಂಗಾಗುತ್ತೆ. ಹೊಸ ಗಾಡಿ ಅಂದ್ರೆ ಬೆಣ್ಣೆ. ಕಪ್ಪು ಗಾಡೀಲಿ ಬೆಂಚಿನ ಮೇಲೆ ಯಾರು ಕೂತ್ರೂ ಏನೂ ಆಗಲ್ಲ" ಎಂದರು.

ಅತ್ತೆ ನನ್ನನ್ನು ಬಿಟ್ಟು ಅವರ ಕಡೆ ತಿರುಗಿದರು. "ಹೌದಾ? ಬನ್ನಿ, ಈಗ್ಲೇ ಹೋಗೋಣ. ಬೆಂಚಿನ ಮೇಲೆ ನಾವಿಬ್ಬರೂ ಕೂರೋಣ."

ಪ್ರಸಾದದ ಹೂ ಕಿವಿಯಲ್ಲಿದ್ದ ಹಾಗೇ ಕಪ್ಪು ಗಾಡಿಯ ಶೋರೂಮಿಗೆ ಹೋದೆವು. ಚಲುವರಾಜು ಟೆಸ್ಟ್ ಡ್ರೈವಿನ ಗಾಡಿ ತೆಗೆದ. ಪಕ್ಕದಲ್ಲಿ ಅನಿಲ್, ನಡುವಿನ ಸೀಟಿನಲ್ಲಿ ನಾನು ಮತ್ತು ಬಸವಮ್ಮತ್ತೆ. ಅತ್ತೆ ಸ್ಟೂಲು ಹಾಕಿಸಿಕೊಂಡು ಹಿಂದೆ ಹತ್ತಿ ಬೆಂಚಿನ ತುದಿಯಲ್ಲಿ ಕೂತರು. ಎದುರಿಗೆ ಮಾವ, ಎದೆ ಸೆಟೆಸಿ, ಎರಡು ಕೈ ಮಂಡಿಯ ಮೇಲಿಟ್ಟು. "ಓಡ್ಸಪ್ಪಾ ಚಲುವರಾಜು" ಎಂದರು.

ಲಾಲ್‌ಬಾಗ್ ಪಶ್ಚಿಮ ಗೇಟಿನ ತನಕ ಮಾವನ ಮಾತು ನಿಲ್ಲಲಿಲ್ಲ. "ನೋಡು, ಕುಲುಕಾಟ ಐತಾ? ಇಲ್ಲ!" ಎನ್ನುತ್ತಿದ್ದರು. ನ್ಯಾಷನಲ್ ಕಾಲೇಜಿನ ಹತ್ತಿರ ಬಸ್ಸಿನ ಹಿಂದೆ ನಿಂತು ಹೊರಟು, ನಿಂತು ಹೊರಟು ಆದಾಗ ಮಾತು ಕಮ್ಮಿಯಾಯಿತು. ಗಾಂಧಿ ಬಜಾರಿಗೆ ತಿರುಗಿದಾಗ ನಾನು ಹಿಂತಿರುಗಿ ನೋಡಿದೆ. ಮಾವನ ಹಣೆಯ ಮೇಲೆ ಬೆವರು ಸಾಲುಗಟ್ಟಿತ್ತು. ಒಂದು ಕೈ ಕಂಬಿಯ ಮೇಲೆ, ಇನ್ನೊಂದು ಹೊಟ್ಟೆಯ ಮೇಲೆ. ಒಂದು ಆಟೋ ಅಡ್ಡ ಬಂತು, ಚಲುವರಾಜು ಗಕ್ಕನೆ ಬ್ರೇಕ್ ಹಾಕಿದ.

"ನಿಲ್ಸಲೋ! ನಿಲ್ಸು!"

ಮಾವ ಇಳಿದು ಹೂವಿನ ಅಂಗಡಿಗಳ ಪಕ್ಕದ ಮೋರಿಯ ಹತ್ತಿರ ಓಡಿದರು. ಬೆಳಿಗ್ಗೆ ತಿಂದ ಉಪ್ಪಿಟ್ಟು, ಆಚಾರ್ಯರು ಕೊಟ್ಟ ಪಂಚಾಮೃತ, ಎಲ್ಲ ಅಲ್ಲಿ ಅರ್ಪಣೆಯಾಯಿತು. ಅನಿಲ್ ಓಡಿಹೋಗಿ ಬೆನ್ನು ಸವರಿದರು. ಹೂವಾಡಗಿತ್ತಿಯೊಬ್ಬಳು ಚೊಂಬಿನಲ್ಲಿ ನೀರು ಕೊಟ್ಟಳು. ಅತ್ತೆ ಹಿಂದಿನ ಬಾಗಿಲಿನಿಂದ ತಲೆ ಹೊರಗೆ ಹಾಕಿ, ಇಡೀ ಗಾಂಧಿ ಬಜಾರಿಗೆ ಕೇಳುವ ಹಾಗೆ ವಿಚಾರಿಸಿದರು.

"ಏನ್ರೀ, ಏನಾದ್ರೂ ವಿಶೇಷನಾ?"

ನಾನು ನಕ್ಕು ನಕ್ಕು ಸೀಟಿನಿಂದ ಕೆಳಗೆ ಜಾರಿದೆ. ಮಾವ ಮುಖ ತೊಳೆದುಕೊಂಡು, ಅಂಗಡಿಯ ಕಟ್ಟೆಯ ಮೇಲೆ ಕೂತು, ನಿಂಬೆ ಸೋಡ ತರಿಸಿಕೊಂಡು ಕುಡಿದರು. ಆಮೇಲೆ ನನ್ನನ್ನು ಹತ್ತಿರ ಕರೆದರು. ನಗುವನ್ನು ನುಂಗಿಕೊಂಡು ಹೋಗಿ ನಿಂತೆ.

"ಪ್ರತಿ ಸಲ ಹಿಂಗೇ ಆಗ್ತಿತ್ತಾ?"

"ಹೂಂ ಮಾವ."

"ದೇವನಹಳ್ಳಿ ತನಕ?"

"ಹೋಗ್ತಾನೂ, ಬರ್ತಾನೂ."

ಅವರು ಸೋಡ ಬಾಟಲಿ ಕೆಳಗಿಟ್ಟರು. "ನಂಗೆ ಇಷ್ಟು ದೂರಕ್ಕೇ ಪ್ರಾಣ ಹೋದಂಗಾಯ್ತು. ತಪ್ಪಾಯ್ತು ಕಣಮ್ಮಾ" ಎಂದರು. ದೊಡ್ಡಬೈರಪ್ಪನವರ ಬಾಯಲ್ಲಿ ಆ ಮಾತನ್ನು ನಾನು ಕೇಳಿದ್ದು ಅದೇ ಮೊದಲು. ಅವರ ಕಿವಿಯಿಂದ ಬಿದ್ದಿದ್ದ ಹೂವನ್ನು ಎತ್ತಿಕೊಟ್ಟೆ. ಅವರು ಎದ್ದು ನಿಂತು ಎಲ್ಲರಿಗೂ ಕೇಳುವಂತೆ ಹೇಳಿದರು. "ಬೆಂಚು ಬೇಡ. ಸಾಮಾನಿಗೆ ಬಾಡಿಗೆ ಟೆಂಪೋ ಐತೆ. ಯಾವ ಗಾಡಿ ಅಂತ ಯಮುನಾ ಹೇಳ್ಲಿ. ಮೂರನೇ ಸಾಲಲ್ಲಿ ಕೂತು ನೋಡಿ ಹೇಳ್ಲಿ."

ಅವತ್ತು ನಾನು ಪಟ್ಟದ ರಾಣಿ. ಕಪ್ಪು ಗಾಡಿಯ ಮೂರನೇ ಸಾಲಿನಲ್ಲಿ ಕೂತೆ, ಬಿಳೀ ಗಾಡಿಯ ಮೂರನೇ ಸಾಲಿನಲ್ಲಿ ಕೂತೆ. ಕಾಲು ಚಾಚಿದೆ, ಒರಗಿದೆ, ಎದ್ದೆ, ಮತ್ತೆ ಕೂತೆ. ಮೂವತ್ತು ದಾಟಿದ ಹೆಂಗಸು ಸೀಟಿನ ಮೇಲೆ ಕುಣಿಯುವುದನ್ನು ನೋಡಿ ಸೇಲ್ಸಿನವರು ಮುಖ ಮುಖ ನೋಡಿಕೊಂಡರು. ಕಪ್ಪು ಗಾಡಿಯಲ್ಲಿ ಹಿಂದಿನ ಕಿಟಕಿ ತೆರೆಯುತ್ತಿರಲಿಲ್ಲ, ಬಿಳೀ ಗಾಡಿಯಲ್ಲಿ ಸರಿಸಿದರೆ ಗಾಳಿ ಬರುತ್ತಿತ್ತು. "ಇದು" ಎಂದೆ.

"ಆಂಜನೇಯ ನಂಗೇ ಹೇಳಿದ್ದು ಅಂತ ಅಂದಿರ್ಲಿಲ್ವಾ!" ಎಂದು ಅತ್ತೆ ಚಪ್ಪಾಳೆ ತಟ್ಟಿದರು.

"ಆದ್ರೆ ಅತ್ತೆ, ಬಿಳಿ ಬೇಡ. ಕೆಸರು ತೊಳೆಯೋಳು ನಾನು. ಬೂದು ಬಣ್ಣದ್ದು ತಗೊಳ್ಳೋಣ."

ಮಾವನ ಮುಖದಲ್ಲಿ ಕಳೆ ಬಂತು. "ಬೂದು ಅಂದ್ರೆ ಬಿಳೀನೂ ಅಲ್ಲ. ಹಂಗಾದ್ರೆ ನೀನೂ ಗೆಲ್ಲಲಿಲ್ಲ ಬಿಡು ಲಕ್ಷ್ಮೀ" ಎಂದು ಹೆಂಡತಿಗೆ ಹೇಳಿ, ಸಮಾಧಾನಕ್ಕೆಂದು ಅದರ ಹಾರನ್ನನ್ನೂ ಒಂದು ಸಲ ಒತ್ತಿ ನೋಡಿದರು.

ಗಾಡಿ ಮನೆಗೆ ಬಂದ ಮೇಲೆ ಆಚಾರ್ಯರು ಪೂಜೆ ಮಾಡಿ, ಚಕ್ರದ ಕೆಳಗೆ ನಿಂಬೆಹಣ್ಣಿಟ್ಟರು. ದಸರಾ ರಜೆ ಶುರುವಾದ ಮರುದಿನ ಬೆಳಿಗ್ಗೆ ಧರ್ಮಸ್ಥಳಕ್ಕೆ ಹೊರಟೆವು. ನಾನು ಮೂರನೇ ಸಾಲಿನ ಕಿಟಕಿಯ ಪಕ್ಕ ಕೂತೆ. ಮಕ್ಕಳು "ನಾವೂ ಅಮ್ಮನ ಹತ್ರ" ಎಂದು ಹಟ ಮಾಡಿ ಹಿಂದಕ್ಕೆ ಬಂದರು. ನೆಲಮಂಗಲ ದಾಟಿತು, ಹಾಸನ ದಾಟಿತು. ನನ್ನ ನಿಂಬೆಹಣ್ಣು ಚೀಲದಿಂದ ಹೊರಗೇ ಬರಲಿಲ್ಲ. ಮುಂದಿನ ಸೀಟಿನಿಂದ ಮಾವ ಪ್ರತಿ ಊರಿಗೊಮ್ಮೆ ತಿರುಗಿ, "ಹೆಂಗಿದೀಯಮ್ಮಾ?" ಎಂದು ಕೇಳುವರು. "ಚೆನ್ನಾಗಿದೀನಿ ಮಾವ" ಎಂದು ನಾನು ಕೂಗುವೆ. ಕೇಳಿ ಕೇಳಿ ಧೃತಿಯೂ "ಹೆಂಗಿದೀಯಮ್ಮಾ?" ಎಂದು ಶುರುಮಾಡಿದಳು.

ಕೊಟ್ಟಿಗೆಹಾರ ಕಳೆದು ಘಾಟಿ ಇಳಿಯಲು ಶುರುವಾಯಿತು. ಮಳೆ ಬಿಟ್ಟು ಹೆಚ್ಚು ದಿನವಾಗಿರಲಿಲ್ಲ. ತಿರುವು ಬರುವುದು ನನಗೆ ಮೊದಲೇ ಕಾಣುತ್ತಿತ್ತು. ಬರುವುದು ಕಂಡರೆ ಮೈ ತಾನಾಗಿ ಅದಕ್ಕೆ ಸಿದ್ಧವಾಗುತ್ತದೆ, ಅದು ಅವತ್ತು ಗೊತ್ತಾಯಿತು. ಒಂದು ತಿರುವು ಕಳೆಯುತ್ತಿದ್ದಂತೆ ಬಂಡೆಯ ನೆತ್ತಿಯಿಂದ ರಸ್ತೆಯ ಪಕ್ಕಕ್ಕೇ ನೀರು ಧುಮುಕುತ್ತಿತ್ತು. ಈ ಕಡೆ ನೋಡಿದರೆ ಕಣಿವೆ, ಅದರ ತುಂಬ ಮೋಡ. ನನ್ನ ಬಾಯಿಂದ ಮಾತು ಹಾರಿತು.

"ರೀ, ಗಾಡಿ ನಿಲ್ಸಿ!"

ಗಾಡಿಯಲ್ಲಿ ಹಾಹಾಕಾರವೆದ್ದಿತು. ಅನಿಲ್ ಬದಿಗೆ ತಂದು ನಿಲ್ಲಿಸಿದರು. ಅತ್ತೆ ನೀರಿನ ಬಾಟಲಿ ಚಾಚಿದರು, ಬಸವಮ್ಮತ್ತೆ ಉಪ್ಪಿನಕಾಯಿ ಡಬ್ಬಿ ಬಿಚ್ಚಿದರು. ಮಾವ ಅಷ್ಟರಲ್ಲೇ ಇಳಿದು ಓಡಿಬಂದು ಹಿಂದಿನ ಬಾಗಿಲು ತೆಗೆದು, ಕೈಯಲ್ಲೊಂದು ಪ್ಲಾಸ್ಟಿಕ್ ಕವರು ಹಿಡಿದು ನಿಂತಿದ್ದರು.

"ಬಾಮ್ಮಾ, ಇಳಿ. ತಲೆ ತಿರುಗ್ತಾ ಇದೆಯಾ?"

"ಇಲ್ಲ ಮಾವ, ಏನೂ ಆಗಿಲ್ಲ" ಎಂದೆ. ಅವರ ಗಾಬರಿ ನೋಡಿ ನನಗೆ ನಾಚಿಕೆಯೇ ಆಯಿತು. "ನೀರು ಬೀಳ್ತಿತ್ತಲ್ಲ... ಸ್ವಲ್ಪ ನೋಡಬೇಕಿತ್ತು."

ಅವರು ನನ್ನನ್ನು ನೋಡಿದರು, ನೀರು ಬೀಳುವುದನ್ನು ನೋಡಿದರು. ಪ್ಲಾಸ್ಟಿಕ್ ಕವರನ್ನು ಮಡಚಿ ಜುಬ್ಬದ ಜೇಬಿಗೆ ಹಾಕಿಕೊಂಡು, "ಅನಿಲ, ಇಂಜಿನ್ ಆಫ್ ಮಾಡು" ಎಂದರು.

ನಾನು ಇಳಿದು ತಡೆಗೋಡೆಯ ಹತ್ತಿರ ಹೋದೆ. ತುಂತುರು ಮುಖಕ್ಕೆ ಹಾರುತ್ತಿತ್ತು. ಹಿಂದೆಯೇ ಒಬ್ಬೊಬ್ಬರಾಗಿ ಎಲ್ಲರೂ ಇಳಿದು ಬಂದು ನನ್ನ ಪಕ್ಕ ನಿಂತರು. ಅತ್ತೆ ನನ್ನ ಕೈ ಹಿಡಿದುಕೊಂಡರು. ಧರ್ಮಸ್ಥಳಕ್ಕೆ ಮಧ್ಯಾಹ್ನದ ಊಟಕ್ಕೆ ಮುಟ್ಟಬೇಕೆಂದು ಬೆಳಿಗ್ಗೆಯಿಂದ ಆತುರಪಡಿಸುತ್ತಿದ್ದ ಮಾವ ಕಲ್ಲಿನ ಮೇಲೆ ಕೂತು, ಪಂಚೆ ಮಂಡಿಗೆ ಎತ್ತಿಕೊಂಡು ಕಾಲು ಇಳಿಬಿಟ್ಟಿದ್ದರು. ನನಗೆ ಸಾಕು ಅನ್ನಿಸುವ ತನಕ ನೋಡಿದೆ. ಹೊತ್ತಾಯಿತು ಎಂದು ಯಾರೂ ಕರೆಯಲಿಲ್ಲ.